ಆರು ತಿಂಗಳು ಅಂದರೆ ಯಾರ ಲೆಕ್ಕ?

ಮೊಣಕಾಲಿನ ಎಸಿಎಲ್ ಲಿಗಮೆಂಟ್ ಹರಿದುಕೊಂಡ ಹುಡುಗರ ಆಪರೇಷನ್ ನಮ್ಮ ದೊಡ್ಡ ಊರುಗಳಲ್ಲಿ ಈಗ ಚೆನ್ನಾಗಿಯೇ ನಡೆಯುತ್ತದೆ. ಪುಟ್ಟ ತೂತುಗಳಲ್ಲಿ ಕ್ಯಾಮೆರಾ ಇಳಿಸಿ, ಸಾಮಾನ್ಯವಾಗಿ ತೊಡೆಯ ಹಿಂಬದಿಯ ಸ್ನಾಯುರಜ್ಜುವನ್ನೇ ತೆಗೆದು, ಮೂಳೆಯಲ್ಲಿ ಸುರಂಗ ಕೊರೆದು ಕೂರಿಸುತ್ತಾರೆ. ಇನ್ನೂ ಬೆಳೆಯುತ್ತಿರುವ ಮಕ್ಕಳಲ್ಲಿ ಆ ಸುರಂಗ ಮೂಳೆ ಬೆಳೆಯುವ ಪದರಕ್ಕೆ ಪೆಟ್ಟು ಕೊಟ್ಟರೆ ಕಾಲು ಗಿಡ್ಡವಾಗಬಹುದು, ಸೊಟ್ಟಗಾಗಬಹುದು. ಅದನ್ನು ತಪ್ಪಿಸುವ ವಿಧಾನಗಳೂ ಬಂದಿವೆ. ಕೈಚಳಕದ ಬಗ್ಗೆ ನನ್ನ ತಕರಾರಿಲ್ಲ. ಇರುವುದು ಆಮೇಲೆ ಸಿಗುವ ಭರವಸೆಯ ಬಗ್ಗೆ: ‘ಆರು ತಿಂಗಳಾದ ಮೇಲೆ ಆಡಬಹುದು.’

ಕೂರಿಸಿದ ರಜ್ಜು ಮೊದಲ ಕೆಲವು ತಿಂಗಳು ಗಟ್ಟಿಯಾಗುವ ಬದಲು ದುರ್ಬಲವಾಗುತ್ತದೆ. ಹೊಸ ರಕ್ತನಾಳಗಳು ಹರಡಿ ಅದು ಲಿಗಮೆಂಟಿನಂತೆ ಪಳಗಲು ವರ್ಷವೇ ಬೇಕಾದೀತು. ನೋವು ಮಾತ್ರ ಎಂದೋ ಹೋಗಿರುತ್ತದೆ, ಹುಡುಗರು ಮೋಸಹೋಗುವುದು ಅಲ್ಲೇ. 2016ರಲ್ಲಿ ಪ್ರಕಟವಾದ ಓಸ್ಲೋ–ಡೆಲವೇರ್ ಅಧ್ಯಯನದಲ್ಲಿ, ಒಂಬತ್ತು ತಿಂಗಳವರೆಗೆ ಕಾದ ಪ್ರತಿ ತಿಂಗಳಿಗೂ ಮೊಣಕಾಲಿಗೆ ಮತ್ತೆ ಏಟಾಗುವ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು. ಅದೇ ವರ್ಷದ ಇನ್ನೊಂದು ಸಮೀಕ್ಷೆಯ ಪ್ರಕಾರ, 25 ವರ್ಷದೊಳಗಿದ್ದು ಆಟಕ್ಕೆ ಮರಳಿದವರಲ್ಲಿ ಶೇ. 23 ಮಂದಿಗೆ ಆ ಕಾಲಿನದೋ ಈ ಕಾಲಿನದೋ ಎಸಿಎಲ್ ಮತ್ತೆ ಹರಿದಿತ್ತು. ನಾಲ್ಕರಲ್ಲಿ ಒಬ್ಬರು, ಹೆಚ್ಚುಕಮ್ಮಿ!

ಕಬಡ್ಡಿಯನ್ನೇ ನೋಡಿ. ರೈಡರ್ ತಿರುಗುವ ಹೊತ್ತಿಗೆ ಆಂಕಲ್ ಹೋಲ್ಡ್ ಬಿದ್ದರೆ ಪಾದ ಮ್ಯಾಟಿಗೆ ಅಂಟಿದಲ್ಲೇ ಇರುತ್ತದೆ, ಮೈ ಮುಂದಕ್ಕೆ ಹೋಗಿರುತ್ತದೆ. ಆ ತಿರುಚು ತಡೆಯುವ ಬಲ ಬಂದಿದೆಯೇ ಎಂದು ಕ್ಯಾಲೆಂಡರ್ ಹೇಳಲಾರದು. ಕುಂಟೆಬಿಲ್ಲೆಯ ಹಾಗೆ ಒಂಟಿಕಾಲಲ್ಲಿ ಹಾರಿಸಿ, ಎರಡೂ ಕಾಲಿನ ದೂರ ಅಳೆಯಬೇಕು. ಏಟಾದ ಕಾಲು ಇನ್ನೊಂದರ ಶೇ. 90ನ್ನಾದರೂ ಮುಟ್ಟಬೇಕು. ಅದೂ ಸಾಲದು. ಸೊಂಟದ ಬಲದಿಂದ ಹಾರಿ ದೂರ ದಾಟುವ ಚಾಲಾಕಿಗಳಿರುತ್ತಾರೆ, ಹಾಗಾಗಿ ತೊಡೆಯ ಬಲವನ್ನು ಬೇರೆಯಾಗಿಯೇ ಪರೀಕ್ಷಿಸಬೇಕು. ಇದಕ್ಕೆಲ್ಲ ಫಿಸಿಯೋ ಬೇಕು, ತಿಂಗಳುಗಟ್ಟಲೆ. ಹಳ್ಳಿಯ ಹುಡುಗ ಆಪರೇಷನ್‌ಗೆ ಸಾಲ ಮಾಡಿಯಾನು, ವಾರಕ್ಕೆ ಮೂರು ಸಲ ಬಸ್ ಹತ್ತಿ ವ್ಯಾಯಾಮಕ್ಕೆ ಬರುವುದು ಮನೆಯವರಿಗೆ ದಂಡವೆನಿಸುತ್ತದೆ. ಸೆಲೆಕ್ಷನ್ ಟ್ರಯಲ್ ಹತ್ತಿರ ಬಂದರಂತೂ ಮುಗಿಯಿತು.

ಏಟಾಗುವ ಮುಂಚಿನ ಕೆಲಸವಂತೂ ಇನ್ನೂ ಬಡವಾಗಿದೆ. ಫುಟ್‌ಬಾಲಿಗರಿಗೆಂದು ರೂಪಿಸಿದ ‘ಫಿಫಾ 11+’ ವಾರ್ಮ್‌ಅಪ್‌ಗೆ 20 ನಿಮಿಷ ಸಾಕು, ಯಂತ್ರ ಬೇಡ, ಕಾಸು ಬೇಡ. ಹಾರಿ ಇಳಿಯುವಾಗ ಮಂಡಿ ಒಳಕ್ಕೆ ವಾಲದಂತೆ ಅದು ಕಲಿಸುತ್ತದೆ. ಎಸಿಎಲ್ ಅಪಾಯ ಹುಡುಗರಿಗಿಂತ ಹೆಚ್ಚಿರುವ ಹುಡುಗಿಯರಿಗಂತೂ ಇದು ಬೇಕೇಬೇಕು. ಪಿಟಿ ಮೇಷ್ಟ್ರೇ ಮಾಡಿಸಬಹುದಾದ ಈ ಕಸರತ್ತನ್ನು, ಹೊತ್ತಾಯಿತೆಂದಾಗ ಮೊದಲು ಕೈಬಿಡುವವರೂ ಅವರೇ.