ಮರದ ಗರುಡ, ಉಕ್ಕಿನ ನಾಯಿ

ಗರುಡಾಚಾರ್‌ಪಾಳ್ಯದ ನಮ್ಮ ಬಾಡಿಗೆ ಮನೆಯಲ್ಲಿ ಭಾನುವಾರ ಸಂಜೆ ಐದು ಜನ ಸೇರಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡುತ್ತೇವೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅಮೆರಿಕದಲ್ಲಿ ಹೊರತಂದ ಆಟ ಇದು. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ. ಹೊರಟ ಕೆಲಸ ಕೈಗೂಡಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಕಥೆ ನಡೆಸುವ ಗೆಳತಿ ಯಕ್ಷಗಾನದ ಸೀಮೆಯವಳು. ಹಾಗಾಗಿ ಅವಳು ನಮಗೆ ‘ಭಾಗವತರು’.

ಕಳೆದ ತಿಂಗಳು ನಮ್ಮ ಮೇಜಿನಲ್ಲಿ ಒಂದು ಜಗಳವಾಯಿತು. ಗೆಳೆಯನೊಬ್ಬನ ಪಾತ್ರ ಒಬ್ಬ ಕುಳ್ಳ ಕಮ್ಮಾರ. ತಾನೇ ತಯಾರಿಸಿದ ಉಕ್ಕಿನ ನಾಯಿಯೊಂದು ಅವನ ಜೊತೆಗಿದೆ. ಹೆಸರು ಬೋರ. ಆ ದಿನ ಅವನು, ‘ನಾನು ಬೋರನ ಬೆನ್ನು ಹತ್ತುತ್ತೇನೆ’ ಎಂದ. ಹತ್ತಬಹುದೇ? ಹತ್ತಿದ ಮೇಲೆ ಬೋರ ಜೊತೆಗಾರನೋ ವಾಹನವೋ? ಎರಡು ಗಂಟೆ ಚರ್ಚೆ ನಡೆಯಿತು. ಅಂದಿನಿಂದ ನಿಯಮಪುಸ್ತಕವನ್ನು ನಾನು ಒಂದು ಕೃತಿಯನ್ನು ಓದುವ ಹಾಗೆಯೇ ಓದುತ್ತಿದ್ದೇನೆ.

ಪುಸ್ತಕದಲ್ಲಿ ಈ ಉಕ್ಕಿನ ಜೀವಿಯ ಹೆಸರು ‘ಸ್ಟೀಲ್ ಡಿಫೆಂಡರ್’. 2019ರ ‘ಎಬೆರಾನ್: ರೈಸಿಂಗ್ ಫ್ರಮ್ ದಿ ಲಾಸ್ಟ್ ವಾರ್’ನಲ್ಲಿ ಬಂತು, 2020ರ ‘ತಾಶಾಸ್ ಕಾಲ್ಡ್ರನ್ ಆಫ್ ಎವೆರಿಥಿಂಗ್’ನಲ್ಲಿ ಮತ್ತೆ ಅಚ್ಚಾಯಿತು. ಎರಡು ಕಾಲೋ ನಾಲ್ಕು ಕಾಲೋ, ರೂಪ ಹೇಗೋ, ಅದೆಲ್ಲ ಆಡುವವರ ಇಷ್ಟ. ಸವಾರಿಯ ನಿಯಮ ಇರುವುದು ಬೇರೆ ಕಡೆ, 2014ರ ‘ಪ್ಲೇಯರ್ಸ್ ಹ್ಯಾಂಡ್‌ಬುಕ್’ನಲ್ಲಿ. ವಾಹನ ಸವಾರನಿಗಿಂತ ಒಂದು ಅಳತೆಯಾದರೂ ದೊಡ್ಡದಿರಬೇಕು, ಹೊರಲು ತಕ್ಕ ಮೈಕಟ್ಟು ಇರಬೇಕು, ಜೊತೆಗೆ ಒಪ್ಪಿಗೆಯೂ ಇರಬೇಕು. ಡಿಫೆಂಡರ್‌ನದು ಮನುಷ್ಯನಷ್ಟೇ ಮಧ್ಯಮ ಅಳತೆ. ಆದ್ದರಿಂದ ಮನುಷ್ಯಪಾತ್ರಕ್ಕೆ ಈ ಭಾಗ್ಯವಿಲ್ಲ, ಕುಳ್ಳರಿಗೆ ಮಾತ್ರ ಉಂಟು.

ಇಲ್ಲಿಂದ ದಾರಿ ಎರಡಾಗುತ್ತದೆ. ವಾಹನ ಸವಾರನ ಹಿಡಿತದಲ್ಲಿದ್ದರೆ ಅವನ ಸರದಿಯಲ್ಲೇ ಚಲಿಸುತ್ತದೆ. ಆದರೆ ಅದಕ್ಕೆ ಮೂರೇ ಕೆಲಸ: ಓಡುವುದು, ಜಗಳದಿಂದ ನುಣುಚಿಕೊಳ್ಳುವುದು, ಏಟು ತಪ್ಪಿಸಿಕೊಳ್ಳುವುದು. ಕಚ್ಚುವ ಹಾಗಿಲ್ಲ. ವಾಹನ ಸ್ವತಂತ್ರವಾಗಿದ್ದರೆ ಅದಕ್ಕೆ ಅದರದೇ ಸರದಿ, ಅದರದೇ ಮನಸ್ಸು. ಹಿಡಿತದಲ್ಲಿರಬೇಕಾದರೆ ಸವಾರನನ್ನು ಹೊರುವ ತರಬೇತಿ ಆಗಿರಬೇಕು. ಕುದುರೆ, ಕತ್ತೆಗಳಿಗೆ ಅದು ಆಗಿದೆ ಎಂದು ಪುಸ್ತಕ ಮೊದಲೇ ಒಪ್ಪಿಕೊಂಡಿದೆ. ಉಕ್ಕಿನ ನಾಯಿಯ ಮಾತೇ ಅಲ್ಲಿಲ್ಲ. ಕುದುರೆಯ ಬುದ್ಧಿಗೆ ಪುಸ್ತಕ ಕೊಡುವ ಅಂಕ 2, ಡಿಫೆಂಡರ್‌ಗೆ 4. ತನ್ನನ್ನು ಮಾಡಿದವನ ಭಾಷೆಯೂ ಅದಕ್ಕೆ ಅರ್ಥವಾಗುತ್ತದೆ.

ಹಿಡಿತದ ಓದೇ ಲಾಭ ಎಂದು ನಾನು ವಾದಿಸಿದೆ. ಬೇಕಾದಲ್ಲಿಗೆ ಹೋಗಬಹುದು, ಹೋಗಿ ಹೊಡೆಯಬಹುದು. ಸ್ವತಂತ್ರ ಎಂದುಕೊಂಡರೆ ಡಿಫೆಂಡರ್‌ನ ಸರದಿ ಯಜಮಾನನ ಸರದಿ ಮುಗಿದ ಕೂಡಲೇ ಬರುತ್ತದೆ. ಅಂದರೆ ಮೊದಲು ಕತ್ತಿ ಬೀಸಿ ಆಮೇಲೆ ವೈರಿಯ ಬಳಿ ತಲುಪುವ ಪಾಡು. ಕುಳ್ಳ ಕಮ್ಮಾರನ ಪಾತ್ರದ ಗೆಳೆಯ ನನ್ನ ಮುಖ ನೋಡಿದ. ಅವನು ಹೂಡಿ, ಮಹದೇವಪುರದ ರಸ್ತೆಗಳಲ್ಲಿ ಸ್ಕೂಟರ್ ಮೇಲೆ ಊಟದ ಪೊಟ್ಟಣ ತಲುಪಿಸುವವನು. ‘ಓಡು, ನುಣುಚ್ಕೋ, ತಪ್ಪಿಸ್ಕೋ. ದಿನಾ ಫೋನ್ ನನಗೆ ಹೇಳೋದೂ ಇಷ್ಟೇ ಕಣೋ. ಭಾನುವಾರಾನೂ ಬೋರಂಗೆ ಅದನ್ನೇ ಹೇಳ್ಲಾ?’ ಎಂದ. ನನ್ನ ವಾದ ಅಲ್ಲಿಗೆ ಕುಸಿಯಿತು. ಮೂರು ಕೆಲಸಗಳ ಪಟ್ಟಿಯನ್ನು ನಾನು ಸವಾರನ ಕಡೆಯಿಂದ ಓದಿದ್ದೆ. ಅವನು ವಾಹನದ ಕಡೆಯಿಂದ ಓದಿದ.

ಆ ರಾತ್ರಿ ನೆನಪಾದದ್ದು ಪಂಚತಂತ್ರದ ನೇಕಾರ. ನಮ್ಮ ದುರ್ಗಸಿಂಹ 11ನೆಯ ಶತಮಾನದಲ್ಲಿ ಕನ್ನಡಕ್ಕೆ ತಂದದ್ದು ವಸುಭಾಗಭಟ್ಟನ ಪಂಚತಂತ್ರವನ್ನು. ನಾನು ಹೇಳುತ್ತಿರುವ ಕಥೆ 1199ರಲ್ಲಿ ಪೂರ್ಣಭದ್ರ ಸಿದ್ಧಪಡಿಸಿದ ಸಂಸ್ಕೃತ ಪಾಠದ್ದು. ನೇಕಾರನೊಬ್ಬ ರಾಜಕುಮಾರಿಗೆ ಮನಸೋಲುತ್ತಾನೆ. ಅವನ ಗೆಳೆಯ ಬಡಗಿ, ಕೀಲು ತಿರುಗಿಸಿದರೆ ಹಾರುವ ಮರದ ಗರುಡನನ್ನು ಮಾಡಿಕೊಡುತ್ತಾನೆ. ನೇಕಾರ ಅದನ್ನೇರಿ ವಿಷ್ಣುವಿನ ವೇಷದಲ್ಲಿ ಅರಮನೆಯ ಮೇಲಂತಸ್ತಿಗೆ ಇಳಿಯುತ್ತಾನೆ. ವಿಷ್ಣುವೇ ಅಳಿಯನೆಂದು ಉಬ್ಬಿದ ರಾಜ ನೆರೆಯವರನ್ನೆಲ್ಲ ಕೆಣಕುತ್ತಾನೆ. ಶತ್ರುಗಳು ಊರನ್ನು ಮುತ್ತಿದಾಗ ಯುದ್ಧಕ್ಕೆ ಹೋಗಬೇಕಾದವನು ಅಳಿಯ. ಸಾಯುವುದೇ ಸೈ ಎಂದು ಅವನು ಮರದ ಗರುಡನನ್ನು ಏರುತ್ತಾನೆ. ಇವನು ಸತ್ತರೆ ವಿಷ್ಣುವೇ ಸತ್ತನೆಂದು ಲೋಕ ಆಡಿಕೊಂಡೀತೆಂದು ನಿಜವಾದ ವಿಷ್ಣು ನೇಕಾರನ ಮೈಯೊಳಗೆ ಬರುತ್ತಾನೆ. ನಿಜವಾದ ಗರುಡ ಮರದ ಗರುಡನೊಳಗೆ ಸೇರುತ್ತಾನೆ.

ಕೀಲು ತನ್ನ ಕೈಯಲ್ಲಿರುವಷ್ಟು ಹೊತ್ತು ನೇಕಾರನದು ಬರೀ ಜಾಣತನದ ಕಥೆ. ಕೀಲಿನಿಂದ ಇನ್ನೇನೂ ಆಗದು ಎಂಬ ಗಳಿಗೆಯಲ್ಲೇ ಮರಕ್ಕೆ ಜೀವ ಬರುತ್ತದೆ. ನಿಯಮಪುಸ್ತಕದಲ್ಲೂ ಅಂಥದೊಂದು ಸಾಲು ಇದೆ, ಜಗಳದ ಗದ್ದಲದಲ್ಲಿ ನಾವದನ್ನು ಗಮನಿಸಿರಲಿಲ್ಲ. ಯಜಮಾನ ತನ್ನ ಸರದಿಯ ಒಂದು ಪಾಲನ್ನು ಆಜ್ಞೆಗೆಂದು ಖರ್ಚುಮಾಡದಿದ್ದರೆ ಡಿಫೆಂಡರ್ ಏಟು ತಪ್ಪಿಸಿಕೊಳ್ಳುವುದನ್ನು ಬಿಟ್ಟು ಬೇರೇನೂ ಮಾಡದು. ಆದರೆ 2020ರ ಪಾಠದ ಪ್ರಕಾರ ಯಜಮಾನ ಪ್ರಜ್ಞೆ ತಪ್ಪಿ ಬಿದ್ದರೆ ಅದು ತನಗೆ ತೋಚಿದ್ದನ್ನು ಮಾಡಬಹುದು. ಇನ್ನೊಂದು ವಿವರವೂ ಉಂಟು. ಪಕ್ಕದಲ್ಲಿರುವ ವೈರಿ ಬೇರೆಯವರ ಮೇಲೆ ಬೀಸುವ ಏಟಿಗೆ ಡಿಫೆಂಡರ್ ಅಡ್ಡಿಯಾಗಬಲ್ಲದು, ತನ್ನ ಮೇಲೆ ಬೀಸುವುದಕ್ಕೆ ಹಾಗೆ ಅಡ್ಡಿಯಾಗಲಾರದು. ಅಂಕಿಗಳಲ್ಲಿ ಬರೆದ ಒಂದು ಸ್ವಭಾವಚಿತ್ರ ಇದು. ಸವಾರಿಯ ಅಧ್ಯಾಯ ಕುದುರೆಯನ್ನು ನೆನೆದು ಬರೆದದ್ದು, ಡಿಫೆಂಡರ್‌ನ ವಿವರ ಕಾವಲುಗಾರನನ್ನು ನೆನೆದು ಬರೆದದ್ದು. ಎರಡರ ನಡುವೆ ಒಂದು ಸಂದು ಉಳಿದುಬಿಟ್ಟಿದೆ. ಅದನ್ನು ಬರವಣಿಗೆಯ ದೋಷ ಎನ್ನಬಹುದು. ನನಗಂತೂ ಇಡೀ ಪುಸ್ತಕದಲ್ಲಿ ಕಥೆಗೆ ಜಾಗವಿರುವುದು ಆ ಸಂದಿನಲ್ಲೇ ಎನಿಸುತ್ತದೆ. ಅದನ್ನು ಲಾಭದ ಲೆಕ್ಕದಿಂದ ಮುಚ್ಚಿದರೆ ನಮಗೆ ವೇಗದ ಕುದುರೆಯೊಂದು ಸಿಗುತ್ತದೆ, ಬೋರ ಹೋಗುತ್ತಾನೆ.

ಕನ್ನಡದಲ್ಲಿ ಆಡುವ ನಮಗೆ ಈ ಪ್ರಶ್ನೆ ಇಂಗ್ಲಿಷಿನಲ್ಲಿ ಆಡುವವರಿಗಿಂತ ಬೇಗ ಎದುರಾಗುತ್ತದೆ. ಅವರ ಕ್ರಿಯಾಪದ ನಾಯಿಗೂ ನಾಯಕನಿಗೂ ಒಂದೇ. ನಮ್ಮಲ್ಲಿ ‘ಗರುಡ ಬಂತು’ ಎಂದರೆ ಹಕ್ಕಿ, ‘ಗರುಡ ಬಂದ’ ಎಂದರೆ ದೇವರು. ಬೋರ ಬಂದನೋ ಬಂತೋ ಎಂಬುದನ್ನು ಕ್ರಿಯಾಪದದ ಕೊನೆಯಲ್ಲಿ ನಾವು ಒಪ್ಪಿಸಲೇಬೇಕು. ನಮ್ಮ ಮೇಜಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದೆವು.

ಕಳೆದ ಭಾನುವಾರ ಭಾಗವತರು ಬೋರನನ್ನು ಸ್ವತಂತ್ರ ವಾಹನವೆಂದು ತೀರ್ಮಾನಿಸಿದರು. ಆಟ ಮುಂದುವರಿಯಿತು. ಮೂರನೆಯ ಸುತ್ತಿನಲ್ಲಿ ಕಮ್ಮಾರ ಏಟು ತಿಂದು ಪ್ರಜ್ಞೆತಪ್ಪಿ ಬೋರನ ಪಕ್ಕ ಉರುಳಿದ. ಎದುರಿಗೆ ಇಬ್ಬರು ವೈರಿಗಳು. ಭಾಗವತರು ಗೆಳೆಯನತ್ತ ತಿರುಗಿ, ‘ಈಗ ಬೋರ ಏನು ಮಾಡಬೇಕು?’ ಎಂದು ಕೇಳಿದರು. ಪಾತ್ರದ ಒಡೆಯ ಇವನೇ, ಉತ್ತರ ಕೊಟ್ಟಿದ್ದರೆ ಯಾರೂ ಬೇಡವೆನ್ನುತ್ತಿರಲಿಲ್ಲ. ಅವನು ದಾಳವನ್ನು ಮೇಜಿನ ನಡುವೆ ಇಟ್ಟು, ‘ನಾನು ಬಿದ್ದಿದೀನಲ್ಲ, ಹೇಳೋಕೆ ನಾನ್ಯಾರು?’ ಎಂದ.

ಎಲ್ಲರೂ ಭಾಗವತರನ್ನೇ ನೋಡುತ್ತಿದ್ದೆವು. ಅವರು ಒಂದು ಕ್ಷಣ ತಡೆದು, ಬಂತು ಬಂದಗಳ ಗೊಡವೆಯಿಲ್ಲದ ಮಾತೊಂದನ್ನು ಹುಡುಕಿಕೊಂಡರು.

‘ಬೋರ ಕದಲಲಿಲ್ಲ.’