ದೇವಾಲಯದಲ್ಲಿ ಪುರುಷರ ಕೊರತೆ: ಲಿಯೋನ್ ಪೊಡ್ಲ್ಸ್ ವಾದದ ಪರಾಮರ್ಶೆ

ಭಾನುವಾರದ ಬಲಿಪೂಜೆಯಲ್ಲಿ ಸ್ತ್ರೀಯರ ಸಾಲುಗಳು ತುಂಬಿರುತ್ತವೆ, ಪುರುಷರ ಸಾಲುಗಳಲ್ಲಿ ತೆರಪು ಕಾಣುತ್ತದೆ. ಬಂದವರಲ್ಲಿಯೂ ಕೆಲವರು ಪ್ರಬೋಧನೆ ಮುಗಿಯುವವರೆಗೆ ಬಾಗಿಲಿನಾಚೆಯೇ ನಿಂತಿರುತ್ತಾರೆ. ಇದು ನಮ್ಮ ಧರ್ಮಕೇಂದ್ರಗಳಿಗೆ ಸೀಮಿತವಾದ ದೃಶ್ಯವಲ್ಲ, ಹೊಸದೂ ಅಲ್ಲ. ಬಾಸ್ಟನ್ನಿನ ಪ್ಯೂರಿಟನ್ ಬೋಧಕ ಕಾಟನ್ ಮೇಥರ್ 1692ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿಯೇ ಭಕ್ತೆಯರ ಸಂಖ್ಯೆ ಭಕ್ತರ ಸಂಖ್ಯೆಯನ್ನು ಮೀರಿದ್ದನ್ನು ಗುರುತಿಸಿದ್ದನು. ಇದಕ್ಕೆ ಕಾರಣವನ್ನು ಹುಡುಕಿದ ಗ್ರಂಥಗಳಲ್ಲಿ ಹೆಚ್ಚು ಚರ್ಚೆಗೆ ಒಳಗಾದುದು ಅಮೆರಿಕದ ಕಥೋಲಿಕ ಲೇಖಕ ಲಿಯೋನ್ ಪೊಡ್ಲ್ಸ್ 1999ರಲ್ಲಿ ಹೊರತಂದ ‘ದ ಚರ್ಚ್ ಇಂಪೊಟೆಂಟ್’. ‘ಧರ್ಮಸಭೆ ಸ್ತ್ರೀಮಯವಾಯಿತು, ಆದ್ದರಿಂದ ಗಂಡಸರು ದೂರವಾದರು’ ಎಂಬ ಅದರ ಸಾರವು ಗ್ರಂಥವನ್ನು ಓದದವರ ಬಾಯಲ್ಲಿಯೂ ಸುಳಿಯುವುದರಿಂದ ಅದನ್ನು ಪರಿಶೀಲಿಸುವುದು ಅಗತ್ಯ.

ಪೊಡ್ಲ್ಸ್ ಈ ಬಿರುಕಿನ ಮೂಲವನ್ನು ಹನ್ನೆರಡು ಮತ್ತು ಹದಿಮೂರನೆಯ ಶತಮಾನಗಳಲ್ಲಿ ಕಾಣುತ್ತಾರೆ. ಸಂತ ಬರ್ನಾರ್ಡರು ಪರಮ ಗೀತೆಯ ವಧುವನ್ನು ಪ್ರತಿಯೊಬ್ಬ ವಿಶ್ವಾಸಿಯ ಆತ್ಮವೆಂದು ಬೋಧಿಸಿದರು. ಸ್ತ್ರೀಯರ ಭಕ್ತಿಚಳುವಳಿಗಳು ಈ ವಧುಭಾವವನ್ನು ತಮ್ಮದಾಗಿಸಿಕೊಂಡವು. ಅರಿಸ್ಟಾಟಲನನ್ನು ಅನುಸರಿಸಿದ ವಿದ್ವಾಂಸರು ಸ್ವೀಕರಿಸುವ ಗುಣವನ್ನೇ ಸ್ತ್ರೀತ್ವವೆಂದು ನಿರೂಪಿಸಿದರು. ಇವೆಲ್ಲ ಸೇರಿ ಭಕ್ತಿಯೆಂದರೆ ಹೆಣ್ಣಿನ ಗುಣ ಎಂಬ ಭಾವನೆ ಬೇರೂರಿತು ಎಂಬುದು ಅವರ ವಾದ. ಶಿಲುಬೆಯ ಕಠೋರತೆಯನ್ನು ಮರೆಸುವ ಭಾವುಕ ಭಕ್ತಿಯನ್ನು ಅವರು ಖಂಡಿಸುವುದು ಯುಕ್ತವೇ. ಆದರೆ ಇತಿಹಾಸವು ಅವರ ಮುಖ್ಯ ವಾದಕ್ಕೆ ಒತ್ತಾಸೆಯಾಗಿ ನಿಲ್ಲುವುದಿಲ್ಲ.

ಮೊದಲು ಬರ್ನಾರ್ಡರನ್ನೇ ತೆಗೆದುಕೊಳ್ಳೋಣ. ಪರಮ ಗೀತೆಯನ್ನು ಕುರಿತ ಅವರ 86 ಪ್ರಬೋಧನೆಗಳು ಕ್ಲೇರ್ವೋ ಮಠದ ಸನ್ಯಾಸಿಗಳನ್ನು, ಅಂದರೆ ಗಂಡಸರನ್ನು, ಉದ್ದೇಶಿಸಿದವು. ಅವರು ಸಿತೋ ಮಠವನ್ನು ಸೇರಿದಾಗ ಸುಮಾರು ಮೂವತ್ತು ಮಂದಿ ಬಂಧುಮಿತ್ರರು ಜೊತೆಗೂಡಿದರು. ದೇವಾಲಯ ಯೋಧರನ್ನು ಹೊಗಳಿ ಬರೆದವರೂ, 1146ರಲ್ಲಿ ವೆಜ್ಲೇಯಲ್ಲಿ ಎರಡನೆಯ ಧರ್ಮಯುದ್ಧಕ್ಕೆ ಕರೆಯಿತ್ತವರೂ ಅವರೇ. ಆ ಕರೆಯ ಔಚಿತ್ಯದ ಪ್ರಶ್ನೆ ಬೇರೆ. ವಧುಭಾವದ ಬೋಧಕನಿಗೆ ಗಂಡಸರು ಕಿವಿಗೊಟ್ಟರು ಎಂಬುದಂತೂ ಸ್ಪಷ್ಟ. ಆತ್ಮವನ್ನು ವಧುವೆಂದು ಕಾಣುವ ವ್ಯಾಖ್ಯಾನವು ಮೂರನೆಯ ಶತಮಾನದ ಒರಿಜೆನ್‌ನಲ್ಲಿಯೇ ಉಂಟು. ಕನ್ನಡಿಗರಿಗಂತೂ ಈ ಭಾವ ಅಪರಿಚಿತವಲ್ಲ. ‘ಶರಣಸತಿ ಲಿಂಗಪತಿ’ ಎಂದು ತಮ್ಮನ್ನು ಸತಿಯಾಗಿ ಕಂಡುಕೊಂಡವರಲ್ಲಿ ಉರಿಲಿಂಗದೇವರಂತಹ ಪುರುಷ ವಚನಕಾರರಿದ್ದರು. ವಧುವಿನ ರೂಪಕ ಮಾತ್ರದಿಂದಲೇ ಗಂಡಸು ದೇವರಿಂದ ದೂರ ಸರಿಯುವನೆಂದು ಹೇಳಲಾಗದು.

ಎರಡನೆಯದಾಗಿ, ಸ್ತ್ರೀಯರ ಆಧಿಕ್ಯದ ಸುಳಿವು ಬರ್ನಾರ್ಡರಿಗಿಂತ ಬಹಳ ಹಿಂದೆಯೇ ಸಿಗುತ್ತದೆ. ಎರಡನೆಯ ಶತಮಾನದ ಸೆಲ್ಸಸ್, ಕ್ರೈಸ್ತ ಧರ್ಮವು ಹೆಂಗಸರು, ಮಕ್ಕಳು, ದಾಸರನ್ನು ಮಾತ್ರ ಸೆಳೆಯುತ್ತದೆಂದು ಹಂಗಿಸಿದನು. ಕ್ರಿ.ಶ. 303ರ ಹಿಂಸೆಯ ಕಾಲದಲ್ಲಿ ಉತ್ತರ ಆಫ್ರಿಕದ ಸಿರ್ತಾ ಪಟ್ಟಣದ ಕ್ರೈಸ್ತರಿಂದ ಜಪ್ತಿಮಾಡಿದ ವಸ್ತುಗಳ ಪಟ್ಟಿಯಲ್ಲಿ ಸ್ತ್ರೀಯರ ನಿಲುವಂಗಿಗಳು 82, ಪುರುಷರವು 16. ಅವು ಬಡವರಿಗೆ ಹಂಚಲು ಇಟ್ಟ ಬಟ್ಟೆಗಳಿರಬಹುದಾದ್ದರಿಂದ ಅವನ್ನು ಸಭೆಯ ಜನಗಣತಿಯೆಂದು ಓದಬಾರದು. ಹಗೆಯ ಮಾತಾದುದರಿಂದ ಸೆಲ್ಸಸನ ಹಂಗನ್ನೂ ಎಚ್ಚರದಿಂದ ತೂಗಬೇಕು. ಆದರೂ ಆದಿ ಧರ್ಮಸಭೆ ಪುರುಷಪ್ರಧಾನ ಸುವರ್ಣಯುಗವಾಗಿತ್ತೆಂಬ ಚಿತ್ರಕ್ಕೆ ಇವು ಹೊಂದುವುದಿಲ್ಲ.

ಹಾಗಾದರೆ ಪರಿಹಾರವೇನು? ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಕಿಂಗ್ಸ್ಲಿ, ಥಾಮಸ್ ಹ್ಯೂಸ್ ಮೊದಲಾದವರು ಕ್ರೀಡೆ, ಸಾಹಸಗಳ ಮೂಲಕ ‘ಕಟ್ಟುಮಸ್ತಾದ ಕ್ರೈಸ್ತತ್ವ’ವನ್ನು ಪ್ರತಿಪಾದಿಸಿದರು. 1911-12ರಲ್ಲಿ ಅಮೆರಿಕದಲ್ಲಿ ಗಂಡಸರನ್ನು ಸಭೆಗೆ ಮರಳಿಸಲೆಂದೇ ದೊಡ್ಡ ಆಂದೋಲನ ನಡೆಯಿತು. ಅಂತರವಂತೂ ಉಳಿಯಿತು. ಪ್ಯೂ ಸಂಶೋಧನಾ ಕೇಂದ್ರದ 2016ರ ಜಾಗತಿಕ ವರದಿ ಮತ್ತೊಂದು ದಿಕ್ಕನ್ನು ತೋರಿಸುತ್ತದೆ. ಕ್ರೈಸ್ತರಲ್ಲಿ ಸ್ತ್ರೀಯರೇ ಹೆಚ್ಚಾಗಿ ವಾರದ ಆರಾಧನೆಗೆ ಹೋಗುತ್ತಾರೆ, ಮುಸ್ಲಿಮರಲ್ಲಿ ಪುರುಷರು. ಅಲ್ಲಿ ಶುಕ್ರವಾರದ ಸಾಮೂಹಿಕ ಪ್ರಾರ್ಥನೆ ಪುರುಷರಿಗೆ ವಿಧಿಸಿದ ಕರ್ತವ್ಯ. ಸಂಪ್ರದಾಯಸ್ಥ ಯೆಹೂದ್ಯರಲ್ಲಿಯೂ ಹತ್ತು ಮಂದಿ ಗಂಡಸರು ಸೇರದೆ ಸಾಮೂಹಿಕ ಪ್ರಾರ್ಥನೆ ಪೂರ್ಣವಾಗದು. ತಾನಿಲ್ಲದಿದ್ದರೆ ಕೆಲಸ ನಿಲ್ಲುವುದೆಂದು ಬಲ್ಲವನು ಬರುತ್ತಾನೆ. ಈ ಕಟ್ಟಳೆಗಳನ್ನು ನಾವು ನಕಲುಮಾಡಬೇಕಾಗಿಲ್ಲ. ನಮ್ಮಲ್ಲಿ ಕರ್ತವ್ಯವು ಸ್ತ್ರೀಪುರುಷರಿಬ್ಬರಿಗೂ ಸಮಾನ. ಆದರೆ ಶ್ರೀಸಾಮಾನ್ಯ ಪುರುಷನಿಗೆ ನಾವು ಏನನ್ನು ಒಪ್ಪಿಸಿದ್ದೇವೆ? ಪೀಠದ ಕಾರ್ಯವೆಲ್ಲ ಯಾಜಕನದು, ಮನೆಯ ಜಪಸರ ತಾಯಿಯದು, ಧರ್ಮೋಪದೇಶ ಕನ್ಯಾಸ್ತ್ರೀಯರದು. ಅವನಿಗೆ ಉಳಿದದ್ದು ಲೆಕ್ಕಪತ್ರ ಮತ್ತು ಹಬ್ಬದ ತೇರು. ತೇರಿನ ದಿನ ಅವನು ತಪ್ಪದೆ ಬರುತ್ತಾನೆಂಬುದನ್ನು ನಾವು ಬಲ್ಲೆವು.

ಶುಭಸಂದೇಶವು ಇನ್ನೂ ಆಳಕ್ಕೆ ಹೋಗುತ್ತದೆ. ಯೇಸುವಿನ ಬಂಧನವಾದಾಗ ಶಿಷ್ಯರೆಲ್ಲ ಓಡಿಹೋದರು (ಮಾರ್ಕ 14:50). ಶಿಲುಬೆಯ ಬಳಿ ನಿಂತವರಲ್ಲಿ ಹೆಚ್ಚಿನವರು ಸ್ತ್ರೀಯರು. ಓಡಿದವರನ್ನು ಓಡಿಸಿದ್ದು ಸ್ತ್ರೀಯರ ಭಕ್ತಿಯಲ್ಲ, ಭಯ. ಅವರನ್ನು ಮರಳಿ ಕೂಡಿಸಿದ ಮೊದಲ ಸುದ್ದಿಯನ್ನು ಹೊತ್ತವರೂ ಸ್ತ್ರೀಯರೇ. ಅನಂತರ ಸರೋವರದ ದಡದಲ್ಲಿ ಪ್ರಭುವು ಪೇತ್ರನನ್ನು ಹೆಸರಿಡಿದು ಕರೆದು, ಪ್ರೀತಿಸುತ್ತೀಯಾ ಎಂದು ಮೂರು ಸಲ ಕೇಳಿ, ಮೂರು ಸಲವೂ ಕುರಿಗಳ ಹೊಣೆಯನ್ನು ಒಪ್ಪಿಸಿದರು (ಯೊವಾನ್ನ 21). ಭಾವುಕ ಭಕ್ತಿ ಪ್ರೀತಿಯನ್ನು ಕೇಳಿ ಹೊಣೆಯನ್ನು ಮರೆಯುತ್ತದೆ. ಕಟ್ಟುಮಸ್ತಾದ ಕ್ರೈಸ್ತತ್ವ ಹೊಣೆಯನ್ನು ಕೊಟ್ಟು ಪ್ರೀತಿಯ ಪ್ರಶ್ನೆಯಿಂದ ನುಣುಚಿಕೊಳ್ಳುತ್ತದೆ. ಪೇತ್ರನಿಗೆ ಎರಡೂ ದೊರೆತವು.

ವಿಶ್ವಾಸವನ್ನು ಉಳಿಸಿ ಕೊಟ್ಟ ತಾಯಂದಿರನ್ನು ಗಂಡಸರ ಗೈರುಹಾಜರಿಗೆ ಹೊಣೆಮಾಡುವುದು ಕೃತಘ್ನತೆ. ಜ್ಞಾನಸ್ನಾನ ಪಡೆದವರೆಲ್ಲರೂ ಯಾಜಕತ್ವದಲ್ಲಿ ಪಾಲುಗಾರರೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿಯೇ ಸಾರಿತು. ಬಾಗಿಲಾಚೆ ನಿಂತ ಸಹೋದರನಿಗೆ ಆ ಪಾಲು ಇನ್ನೂ ತಲುಪದಿದ್ದರೆ ಉತ್ತರ ಹೇಳಬೇಕಾದವರು ಯಾಜಕರಾದ ನಾವು, ನಾಳೆ ಯಾಜಕರಾಗಲಿರುವ ಗುರುಮಠದ ಸಹೋದರರು. ಅವನ ಹೆಸರು ನಮಗೆ ಗೊತ್ತಿದೆಯೇ ಎಂಬಲ್ಲಿಂದ ಆತ್ಮಪರೀಕ್ಷೆ ಆರಂಭವಾಗಲಿ.