ಯಾರಿಂದ ಗುಟ್ಟು?

‘ಜಿಮೇಲ್ ಬಿಡಿ, ಪ್ರೋಟಾನ್ ಹಿಡಿ’ ಎನ್ನುವ ಸಲಹಾಬರಹಗಳು ಈಗ ಒಂದು ಸಾಹಿತ್ಯ ಪ್ರಕಾರವೇ ಆಗಿಬಿಟ್ಟಿವೆ. ಬಿಡಬೇಕಾದ ಹತ್ತು, ಹಿಡಿಯಬೇಕಾದ ಹತ್ತು, ನಡುವೆ ಒಂದಿಷ್ಟು ಹೆದರಿಕೆ. ಓದುತ್ತಾ ಹೋದರೆ ವ್ರತಕಥೆಗಳು ನೆನಪಾಗುತ್ತವೆ: ಮಾಡಿದವರಿಗೆ ಈ ಫಲ, ಮಾಡದವರಿಗೆ ಆ ಕಷ್ಟ. ಇವುಗಳಲ್ಲಿ ಎಲ್ಲ ಇರುತ್ತದೆ, ಬಳಸುವ ಮನುಷ್ಯ ಮಾತ್ರ ಇರುವುದಿಲ್ಲ. ಅವನು ಅಥವಾ ಅವಳು ಯಾರಿಗೆ ಪತ್ರ ಬರೆಯುತ್ತಾರೆ, ಯಾರ ಕಣ್ಣಿಗೆ ಅಂಜುತ್ತಾರೆ ಎಂದು ಕೇಳದೆ ತಂತ್ರಾಂಶ ಸೂಚಿಸುವುದು ರೋಗಿಯನ್ನು ನೋಡದೆ ಮದ್ದಿನ ಚೀಟಿ ಬರೆದ ಹಾಗೆ.

ಗೊಂದಲ ಪದದಿಂದಲೇ ಶುರುವಾಗುತ್ತದೆ. ಕನ್ನಡದಲ್ಲಿ ಇದಕ್ಕೆ ‘ಗೋಪ್ಯತೆ’ ಎನ್ನುತ್ತೇವೆ, ‘ಖಾಸಗಿತನ’ ಎಂದೂ ಎನ್ನುತ್ತೇವೆ. ಗೋಪ್ಯ ಎಂದೊಡನೆ ಏನೋ ಮುಚ್ಚಿಡುತ್ತಿದ್ದಾರೆ ಎಂಬ ಅನುಮಾನ ಬೆನ್ನಿಗೇ ಬರುತ್ತದೆ. ಖಾಸಗಿಯಲ್ಲಿ ಆ ವಾಸನೆ ಇಲ್ಲ. ಬಚ್ಚಲಮನೆಗೆ ಬಾಗಿಲು ಇಟ್ಟವರು ಒಳಗೆ ಕಳ್ಳಮಾಲು ಬಚ್ಚಿಟ್ಟಿಲ್ಲ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಮೂಲಭೂತ ಹಕ್ಕೆಂದು ಎತ್ತಿಹಿಡಿದದ್ದು ಈ ಎರಡನೆಯ ಅರ್ಥದ್ದನ್ನು. ಆ ಪ್ರಕರಣಕ್ಕೆ ತನ್ನ ಹೆಸರು ಕೊಟ್ಟವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆದರೆ ಇಮೇಲ್ ಕಂಪನಿಗಳ ಜಾಹೀರಾತು ಮಾರುವುದು ಹೆಚ್ಚಾಗಿ ಮೊದಲನೆಯದನ್ನು, ಗುಟ್ಟನ್ನು.

ಪ್ರೋಟಾನ್ ಮೇಲ್ ಅನ್ನೇ ಒಂದು ಪಠ್ಯವಾಗಿ ಓದಿ ನೋಡಬಹುದು. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಭೇಟಿಯಾದ ವಿಜ್ಞಾನಿಗಳು 2014ರಲ್ಲಿ ಜನರ ಮುಂದಿಟ್ಟ ಸೇವೆ. ಪೆಟ್ಟಿಗೆಯಲ್ಲಿರುವ ಪತ್ರದ ಒಡಲನ್ನು ಕಂಪನಿಯೇ ತೆರೆಯಲಾರದು ಎನ್ನುವುದು ಅದರ ಹೆಚ್ಚುಗಾರಿಕೆ, ಮತ್ತು ಅದು ನಿಜ. 2021ರಲ್ಲಿ ಫ್ರಾನ್ಸಿನ ಹವಾಮಾನ ಹೋರಾಟಗಾರರೊಬ್ಬರ ಐಪಿ ವಿಳಾಸವನ್ನು ಸ್ವಿಸ್ ಅಧಿಕಾರಿಗಳ ಆದೇಶದ ಮೇರೆಗೆ ಅದು ದಾಖಲಿಸಿ ಒಪ್ಪಿಸಬೇಕಾಯಿತು. ಐಪಿ ದಾಖಲೆ ಇಡುವುದಿಲ್ಲ ಎಂಬ ಧಾಟಿಯ ಮಾತು ಆಮೇಲೆ ಅದರ ಮುಖಪುಟದಿಂದ ಇಳಿಯಿತು. 2024ರಲ್ಲಿ ಸ್ಪೇನಿನ ಪೊಲೀಸರ ತನಿಖೆಯೊಂದರಲ್ಲಿ ಕೈಸೇರಿದ್ದು ಇನ್ನೂ ಸಣ್ಣ ಎಳೆ: ಪಾಸ್‌ವರ್ಡ್ ಮರೆತರೆ ಇರಲಿ ಎಂದು ಬಳಕೆದಾರ ಕೊಟ್ಟಿದ್ದ ಇನ್ನೊಂದು ಇಮೇಲ್ ವಿಳಾಸ. ಎರಡರಲ್ಲೂ ಪತ್ರದ ಒಡಲು ಬಯಲಾಗಲಿಲ್ಲ, ಅದರ ಅಗತ್ಯವೂ ಬೀಳಲಿಲ್ಲ. ಅಂಚೆಯವನು ಲಕೋಟೆ ಒಡೆಯದೆಯೂ ಯಾರು, ಯಾರಿಗೆ, ಎಂದು, ಯಾವ ಊರಿಂದ ಎಂಬುದನ್ನು ಹೇಳಬಲ್ಲ. ಪ್ರೋಟಾನ್‌ನಲ್ಲಿ ‘ವಿಷಯ’ದ ಸಾಲಿಗೂ ಆ ಸಂಪೂರ್ಣ ಬೀಗ ಇಲ್ಲ. ಜರ್ಮನಿಯ ಟುಟಾ ಆ ಸಾಲನ್ನೂ ಮುಚ್ಚುತ್ತದೆ, ಆದರೆ ಥಂಡರ್‌ಬರ್ಡ್‌ನಂಥ ಬೇರೆ ತಂತ್ರಾಂಶದಲ್ಲಿ ನಿಮ್ಮ ಪತ್ರ ತೆರೆಯಲು ಬಿಡುವುದಿಲ್ಲ. ಒಂದನ್ನು ಕೊಟ್ಟು ಇನ್ನೊಂದನ್ನು ಕಿತ್ತುಕೊಳ್ಳುತ್ತದೆ.

ಇನ್ನೊಂದು ಸಂಗತಿಯನ್ನು ಸಲಹಾಬರಹಗಳು ಬೇಗ ದಾಟಿಬಿಡುತ್ತವೆ. ಪತ್ರಕ್ಕೆ ಎರಡು ತುದಿ. ನೀವು ಪ್ರೋಟಾನ್‌ನಿಂದ ಕಥೆ ಕಳಿಸಿದಿರಿ, ಸಂಪಾದಕರದು ಜಿಮೇಲ್. ಪತ್ರಕ್ಕೆ ಪಾಸ್‌ವರ್ಡ್ ಹಾಕಿ ಕಳಿಸಿದ ಹೊರತು ಅದರ ಪ್ರತಿ ಅಲ್ಲಿ ಮಾಮೂಲಿ ಪತ್ರದಂತೆಯೇ ಕೂತಿರುತ್ತದೆ. ಸಂಪಾದಕರಿಗೆ ಪಾಸ್‌ವರ್ಡ್ ಹಾಕಿ ಕಥೆ ಕಳಿಸುವ ಲೇಖಕ ಎಷ್ಟು ದಿನ ಬಾಳಿಯಾನು! ಜಾಹೀರಾತಿಗಾಗಿ ಜಿಮೇಲ್ ಪತ್ರಗಳನ್ನು ಜಾಲಾಡುವುದನ್ನು ನಿಲ್ಲಿಸುವುದಾಗಿ ಗೂಗಲ್ 2017ರಲ್ಲಿ ಹೇಳಿತು. ಕೀಲಿ ಮಾತ್ರ ಅದರ ಹತ್ತಿರವೇ ಇದೆ. ಕಥೆ ಕಳಿಸುವವರಿಗೆ ಇದರಿಂದ ದೊಡ್ಡ ನಷ್ಟವಿಲ್ಲ. ಸುದ್ದಿಮೂಲವನ್ನು ಕಾಪಾಡಬೇಕಾದ ವರದಿಗಾರರಿಗೆ ಇದೆ, ಆದರೆ ಅವರು ಆ ಕೆಲಸಕ್ಕೆ ಇಮೇಲ್ ಅನ್ನೇ ಬಳಸದಿರುವುದು ಲೇಸು. 2016ರಲ್ಲಿ ಅಮೆರಿಕದ ತನಿಖೆಯೊಂದರಲ್ಲಿ ಮಾಹಿತಿ ಕೇಳಿದಾಗ ಸಿಗ್ನಲ್ ಕೊಡಬಹುದಾಗಿದ್ದದ್ದು ಖಾತೆ ತೆರೆದ ಹೊತ್ತು ಮತ್ತು ಕೊನೆಯ ಸಲ ಸಂಪರ್ಕಕ್ಕೆ ಬಂದ ದಿನ, ಇಷ್ಟೇ. ಬೇರೇನನ್ನೂ ಅದು ಕೂಡಿಟ್ಟಿರಲಿಲ್ಲ.

ಇದೇ ಬಾಗಿಲಿನ ಇನ್ನೊಂದು ಮಗ್ಗುಲನ್ನೂ ನೋಡಬೇಕು. 2025ರ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟು ಪ್ರೋಟಾನ್ ಮೇಲ್ ಅನ್ನು ದೇಶದಲ್ಲಿ ತಡೆಹಿಡಿಯುವ ಕ್ರಮಕ್ಕೆ ಮುಂದಾಗುವಂತೆ ಕೇಂದ್ರ ಸರ್ಕಾರಕ್ಕೆ ಸೂಚಿಸಿತು. ಸಂಸ್ಥೆಯೊಂದರ ಮಹಿಳಾ ಉದ್ಯೋಗಿಯ ಬಗ್ಗೆ ಅಶ್ಲೀಲ ಪತ್ರಗಳೂ ತಿರುಚಿದ ಚಿತ್ರಗಳೂ ಆ ಸೇವೆಯ ಮೂಲಕ ಹರಿದಾಡಿದ್ದವು. ಖಾಸಗಿತನದ ವಕೀಲರು ಈ ಪ್ರಕರಣವನ್ನು ಸೆನ್ಸಾರ್‌ಶಿಪ್ ಎಂದು ಒಂದೇ ಏಟಿಗೆ ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಅಲ್ಲಿ ಕೊಳ್ಳೆಹೋದದ್ದು ಒಬ್ಬ ಹೆಣ್ಣಿನ ಖಾಸಗಿತನವೇ. ಹಾಗೆಂದು ಊರಿನ ಅಂಚೆಪೆಟ್ಟಿಗೆಗಳನ್ನೆಲ್ಲ ಮುಚ್ಚಿದರೆ ಅನಾಮಧೇಯ ಪತ್ರ ಬರೆಯುವವನು ಬೇರೆ ಪೆಟ್ಟಿಗೆ ಹುಡುಕುತ್ತಾನೆ, ಆ ಪೆಟ್ಟಿಗೆಯನ್ನೇ ನಂಬಿದ್ದ ಉಳಿದವರು ಬಯಲಿಗೆ ಬೀಳುತ್ತಾರೆ. ಸ್ವಿಸ್ ಕಾನೂನಿನ ಮೂಲಕ ಕೇಳಿದರೆ ಕಂಪನಿ ಉತ್ತರಿಸಬೇಕಾಗುತ್ತದೆ ಎಂಬುದನ್ನು 2021ರ ಪ್ರಕರಣವೇ ತೋರಿಸಿತ್ತು.

ಹಾಗಾದರೆ ಆಯ್ಕೆ ಹೇಗೆ? ಗಂಡನಿಗೆ ಫೋನಿನ ಲಾಕ್ ಗೊತ್ತಿರುವ ಮನೆಯಲ್ಲಿ ಜಿನೀವಾದ ಯಾವ ಗಣಿತವೂ ಹೆಂಡತಿಯ ನೆರವಿಗೆ ಬಾರದು. ಅವಳಿಗೆ ಬೇಕಾದದ್ದು ಬೇರೆ ಪಾಸ್‌ವರ್ಡ್, ಬೇರೆ ಫೋನು, ಅಥವಾ ಗೆಳತಿಯ ಮನೆಯ ಕಂಪ್ಯೂಟರ್. ಕಾಲೇಜು ಕೊಟ್ಟ ಇಮೇಲಿನಲ್ಲಿ ಪ್ರೇಮಪತ್ರ, ಮೊದಲ ಕವಿತೆ, ಪ್ರಾಂಶುಪಾಲರ ಮೇಲಿನ ದೂರು ಎಲ್ಲವನ್ನೂ ಇಡುವ ವಿದ್ಯಾರ್ಥಿ ಆ ಖಾತೆಯ ಯಜಮಾನ ಕಾಲೇಜು ಎಂಬುದನ್ನು ನೆನಪಿಡಬೇಕು. ಓದು ಮುಗಿದ ಮೇಲೆ ಅದನ್ನು ಮುಚ್ಚಿಬಿಡಲೂಬಹುದು. ಇವರಿಗೆ ಸ್ವಂತದ್ದೊಂದು ಸಾಧಾರಣ ಖಾತೆ ಸಾಕು. ಕೈಯಲ್ಲಿ ಸ್ವಲ್ಪ ಕಾಸಿದ್ದವರು ಸ್ವಂತ ಡೊಮೇನ್ ಕೊಂಡರೆ ಕಂಪನಿ ಬದಲಾದರೂ ವಿಳಾಸ ಬದಲಾಗುವುದಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಇಮೇಲಿಗಿಂತ ಹತ್ತಿರದ ಪ್ರಶ್ನೆ ಒಂದಿದೆ. ಆಂಡ್ರಾಯ್ಡ್ ಫೋನಿಗೆ ಹೊಸ ಕೀಲಿಮಣೆ ಹಾಕಿಕೊಳ್ಳುವಾಗ, ನೀವು ಟೈಪಿಸುವುದೆಲ್ಲವನ್ನೂ, ಪಾಸ್‌ವರ್ಡ್ ಸಮೇತ, ಇದು ಸಂಗ್ರಹಿಸಬಹುದು ಎಂಬ ಎಚ್ಚರಿಕೆ ತೆರೆಯ ಮೇಲೆ ಬರುತ್ತದೆ. ನಾವು ‘ಸರಿ’ ಒತ್ತಿ ಮುಂದೆ ಹೋಗುತ್ತೇವೆ. ಇಂಗ್ಲಿಷಿನವರಿಗೆ ಫೋನಿನ ಜತೆ ಬಂದದ್ದೇ ಸಾಕು. ಅಕ್ಷರಕ್ಕಾಗಿ ಸಿಕ್ಕ ಸಿಕ್ಕ ಆ್ಯಪ್ ಇಳಿಸಿಕೊಳ್ಳುವ ಅಭ್ಯಾಸ ಹೆಚ್ಚಾಗಿ ನಮ್ಮದು. ಪತ್ರಕ್ಕೆ ಸ್ವಿಸ್ ಬೀಗ ಜಡಿದು, ಬರೆಯುವ ಲೇಖನಿಯನ್ನು ಗುರುತಿಲ್ಲದವರ ಕೈಯಿಂದ ಪಡೆದ ಹಾಗಾಯಿತು ಇದು. ಲಿನಕ್ಸ್‌ನಲ್ಲಿ ಕೆ.ಪಿ. ರಾವ್ ಅವರ ವಿನ್ಯಾಸದ ಕಗಪ ಕೀಲಿಮಣೆ ಮುಕ್ತ ತಂತ್ರಾಂಶವಾಗಿಯೇ ಸಿಗುತ್ತದೆ. ವಿಂಡೋಸ್‌ನಲ್ಲಿ ಕನ್ನಡದ ಇನ್‌ಸ್ಕ್ರಿಪ್ಟ್ ಒಳಗೇ ಇದೆ. ಫೋನಿನಲ್ಲಿ ಮೂಲಸಂಕೇತ ತೆರೆದಿಟ್ಟ ಇಂಡಿಕ್ ಕೀಬೋರ್ಡ್‌ನಂಥವು ಇವೆ. ಪದ ಊಹಿಸುವುದರಲ್ಲಿ ಅದು ಗೂಗಲ್ಲಿನದರಷ್ಟು ಚುರುಕಲ್ಲ. ದಿನಚರಿ ಬರೆಯುವವರಿಗೆ ಆ ಚುರುಕು ಬೇಕೋ ಬೇಡವೋ, ಅವರೇ ಹೇಳಬೇಕು.